ರಾತ್ರಿ ಎರಡು ಗಂಟೆಗೆ ಬರುವ ಡಾಕ್ಟರಿಗೆ ದುಡ್ಡು ಹೇಗೆ ಸಿಗುತ್ತದೆ?

ಬಿಲ್ಲಿನಲ್ಲಿ ಎರಡು ಸಾಲು ನಮಗೆ ಅರ್ಥ ಆಗಲಿಲ್ಲ. ‘ಎಮರ್ಜೆನ್ಸಿ ವಿಸಿಟ್, ಕನ್ಸಲ್ಟೆಂಟ್’ ಅಂತ ಒಂದು. ಅದರ ಕೆಳಗೆ ಅದೇ ಮಾತು ಇನ್ನೊಂದು ಸಲ. “ಡಾಕ್ಟರು ಬಂದಿದ್ದು ಒಂದೇ ಸಲ ಅಲ್ವೇನಪ್ಪಾ?” ಅಂತ ಅತ್ತೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಿಂದಿನ ರಾತ್ರಿ ಪಾಂಡವಪುರದ ಪಕ್ಕದ ಹಳ್ಳಿಯಿಂದ ನನ್ನ ಸೋದರಮಾವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಬಂದಿದ್ದೆವು. ಹೊಟ್ಟೆಯ ಬಲಗಡೆ ಕೆಳಗೆ ಕೈ ಇಟ್ಟರೆ ಜೀವ ಹೋಗುವಷ್ಟು ನೋವು. ಕ್ಯಾಷುಯಲ್ಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡ್ಯೂಟಿ ಡಾಕ್ಟರ್ ನೋಡಿದರು, ರಕ್ತ ತೆಗೆಸಿದರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ಫೋನ್ ಹಿಡಿದು ಪಕ್ಕಕ್ಕೆ ಹೋದರು. “ಸರ್, ಅಪೆಂಡಿಕ್ಸ್ ಇದ್ದ ಹಾಗಿದೆ. ಒಡೆದಿರಬಹುದು” ಅಂದಿದ್ದು ಕೇಳಿಸಿತು. ಕುವೆಂಪುನಗರದಿಂದ ಸರ್ಜನ್ ಬಂದರು. ಇಪ್ಪತ್ತೈದು ನಿಮಿಷ ಆಗಿತ್ತು. ಅವರ ತಲೆಕೂದಲು ಇನ್ನೂ ಒಂದು ಪಕ್ಕಕ್ಕೆ ಒತ್ತಿಕೊಂಡಿತ್ತು, ದಿಂಬಿನಿಂದ ಎದ್ದು ಬಂದ ಹಾಗೆ.

ಮಾವ ಉಳಿದರು. ಆದರೆ ಅತ್ತೆಯ ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಟ್ಟಿತು. ಹಾಸಿಗೆಯಿಂದ ಎದ್ದು ಬರುವ ಡಾಕ್ಟರಿಗೆ ಯಾರು ದುಡ್ಡು ಕೊಡುತ್ತಾರೆ? ಬಂದಿದ್ದಕ್ಕೆ ಮಾತ್ರವಾ, ಅಥವಾ ಕರೆದರೆ ಬರೋಣ ಅಂತ ಕಾಯ್ದಿದ್ದಕ್ಕೂ ಕೊಡುತ್ತಾರಾ? ಡಾಕ್ಟರುಗಳನ್ನು, ಆಸ್ಪತ್ರೆ ಆಫೀಸಿನವರನ್ನು ಕೇಳಿ ತಿಳಿದುಕೊಂಡಿದ್ದನ್ನು, ಓದಿ ತಿಳಿದಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಆನ್ ಕಾಲ್ ಅಂದರೆ ಏನು?

ವರ್ಷಕ್ಕೆ 8,760 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ವಾರಕ್ಕೆ ಆರು ದಿನ ಓಪಿಡಿ, ಅಂದರೆ ಹೊರರೋಗಿಗಳನ್ನು ನೋಡುವ ವಿಭಾಗ, ನಡೆದರೆ ಸುಮಾರು 2,500 ಗಂಟೆ ಆಗುತ್ತದೆ. ಉಳಿದ 6,200 ಚಿಲ್ಲರೆ ಗಂಟೆ ರಾತ್ರಿ, ಭಾನುವಾರ, ಹಬ್ಬ. ಅಂದರೆ ವರ್ಷದ ಹತ್ತರಲ್ಲಿ ಏಳು ಪಾಲು ಹೊತ್ತು ದೊಡ್ಡ ಡಾಕ್ಟರು ಮನೆಯಲ್ಲಿರುತ್ತಾರೆ. ಕಾಯಿಲೆಗೆ ಗಡಿಯಾರ ಗೊತ್ತಿಲ್ಲ. ಈ ಸಂದನ್ನು ಮುಚ್ಚುವ ಏರ್ಪಾಡೇ ಆನ್ ಕಾಲ್.

ಆಸ್ಪತ್ರೆಯ ಒಳಗೆ ರಾತ್ರಿಯೆಲ್ಲ ಎಚ್ಚರವಾಗಿರುವವರು ಡ್ಯೂಟಿ ಡಾಕ್ಟರ್. ಅವರದು ಪಾಳಿ ಕೆಲಸ, ಪಾಳಿಗೆ ತಕ್ಕ ಸಂಬಳ. ಅವರ ಮೇಲೆ ಒಬ್ಬೊಬ್ಬ ತಜ್ಞರು ಇರುತ್ತಾರೆ: ಸರ್ಜನ್, ಮೂಳೆ ಡಾಕ್ಟರ್, ಹೃದಯದ ಡಾಕ್ಟರ್, ಹೆರಿಗೆ ಡಾಕ್ಟರ್. ಖಾಸಗಿ ಆಸ್ಪತ್ರೆಯಲ್ಲಿ ಇವರನ್ನು ಕನ್ಸಲ್ಟೆಂಟ್ ಅನ್ನುತ್ತಾರೆ. ಯಾವ ರಾತ್ರಿ ಯಾವ ಕನ್ಸಲ್ಟೆಂಟ್ ಅಂತ ತಿಂಗಳ ಮೊದಲೇ ಒಂದು ಪಟ್ಟಿ ಆಗಿರುತ್ತದೆ. ಅದಕ್ಕೆ ರೋಸ್ಟರ್ ಅಂತ ಹೆಸರು. ಕ್ಯಾಷುಯಲ್ಟಿಯ ಗೋಡೆಗೆ ಅಂಟಿಸಿರುವುದನ್ನು ನೀವೂ ನೋಡಿರಬಹುದು.

ಎಲ್ಲ ಆನ್ ಕಾಲ್ ಒಂದೇ ಥರ ಅಲ್ಲ. ಕೆಲವರು ಆಸ್ಪತ್ರೆಯಲ್ಲೇ ಮಲಗಬೇಕು. ಕೆಲವರು ಮನೆಯಲ್ಲಿದ್ದು, ಕರೆದರೆ ಅರ್ಧ ಗಂಟೆಯೊಳಗೆ ಬರಬೇಕು. ಇನ್ನು ಕೆಲವರು ಫೋನಿನಲ್ಲೇ ಸಲಹೆ ಕೊಟ್ಟರೆ ಸಾಕು. ಹೃದಯಾಘಾತವಾದವರಿಗೆ ರಕ್ತನಾಳ ತೆರೆಯುವ ಚಿಕಿತ್ಸೆ, ಆಸ್ಪತ್ರೆ ಬಾಗಿಲು ದಾಟಿದ 90 ನಿಮಿಷದೊಳಗೆ ಆಗಬೇಕು ಅನ್ನುವುದು ಹಲವು ಕಡೆ ಒಪ್ಪಿರುವ ಗುರಿ. ಅಂಥ ಕಡೆ ಡಾಕ್ಟರು ಒಬ್ಬರೇ ಅಲ್ಲ, ಈ ಚಿಕಿತ್ಸೆ ಮಾಡುವ ಕೋಣೆಯ (ಕ್ಯಾಥ್ ಲ್ಯಾಬ್) ಟೆಕ್ನಿಷಿಯನ್ನು, ನರ್ಸು ಎಲ್ಲರೂ ಓಡಿ ಬರಬೇಕು. ಚರ್ಮದ ಡಾಕ್ಟರಿಗೆ ಇಂಥ ಅವಸರ ಅಪರೂಪ.

ಕಾಯುವುದು ಬೇರೆ, ಬರುವುದು ಬೇರೆ

ಇಡೀ ವಿಷಯದ ಬೇರು ಇಲ್ಲಿದೆ. ಮನೆಯ ಕರೆಂಟ್ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ನಿಗದಿತ ಶುಲ್ಕ ಅಂತ ಒಂದು ಸಾಲು, ಬಳಸಿದ ಯೂನಿಟ್ಟಿಗೆ ಇನ್ನೊಂದು ಸಾಲು. ತಿಂಗಳಿಡೀ ಮನೆಗೆ ಬೀಗ ಹಾಕಿದ್ದರೂ ಮೊದಲನೆಯದು ಬಿಲ್ಲಿನಲ್ಲಿ ಇದ್ದೇ ಇರುತ್ತದೆ. ಯಾಕೆ? ಸ್ವಿಚ್ ಒತ್ತಿದ ತಕ್ಷಣ ಲೈಟು ಹತ್ತಲಿ ಅಂತ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ಸಿದ್ಧವಾಗಿ ನಿಂತಿರುತ್ತದಲ್ಲ, ಅದರ ಬೆಲೆ ಅದು.

ಆಸ್ಪತ್ರೆಯಿಂದ ಬಂದ ಮೇಲೆ ಮಾವನಿಗೆ ಇದನ್ನು ಹೇಳಿದೆ. ಅವರು ಅದಕ್ಕಿಂತ ಚೆನ್ನಾದ ಹೋಲಿಕೆ ಕೊಟ್ಟರು. “ನಮ್ಮ ನೀರುಗಂಟಿ ಥರ ಕಣ್ಲಾ” ಅಂದರು. ಕೆರೆ ತೂಬು, ಕಾಲುವೆ ನೋಡಿಕೊಳ್ಳುವ ನೀರುಗಂಟಿಗೆ ಹಿಂದೆ ಕೊಯ್ಲು ಆದಾಗ ಕಣದಲ್ಲೇ ಧಾನ್ಯ ಅಳೆದು ಕೊಡುತ್ತಿದ್ದರು. ಈ ವರ್ಷ ಎಷ್ಟು ಸಲ ತೂಬು ಎತ್ತಿದೆ ಅಂತ ಯಾರೂ ಎಣಿಸುತ್ತಿರಲಿಲ್ಲ. ಅವನು ಇದ್ದ, ಕಾಯ್ದ, ಊರಿನ ಗದ್ದೆ ಒಣಗಲಿಲ್ಲ. ಅದಕ್ಕೇ ಆ ಧಾನ್ಯ.

ಡಾಕ್ಟರಿಗೂ ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಮೈಸೂರಿನಲ್ಲಿ ಆನ್ ಕಾಲ್ ಇರುವ ಸರ್ಜನ್ ಆ ರಾತ್ರಿ ನಂಜನಗೂಡಿನ ನೆಂಟರ ಮನೆಗೆ ಊಟಕ್ಕೆ ಹೋಗುವಂತಿಲ್ಲ. ಫೋನು ಬಂದರೆ ಅರ್ಧ ಗಂಟೆಯಲ್ಲಿ ವಾಪಸ್ ಬರೋಕಾಗಲ್ಲ. ಥಿಯೇಟರಿನಲ್ಲಿ ಕೂತರೂ ಫೋನು ಕೈಯಲ್ಲೇ. ಮರುದಿನ ಬೆಳಗ್ಗೆ ಓಪಿಡಿ ಮಾಮೂಲಿನಂತೆ ಇರುತ್ತದೆ. ಕಾಯುವ ಭಾರ ಎಷ್ಟು ಅನ್ನುವುದು ಎಷ್ಟು ರಾತ್ರಿಗೊಮ್ಮೆ ಸರದಿ ಬರುತ್ತದೆ, ಕರೆ ಬರುವ ಸಾಧ್ಯತೆ ಎಷ್ಟು, ಬಂದರೆ ಎಷ್ಟು ಬೇಗ ತಲುಪಬೇಕು ಅನ್ನುವುದರ ಮೇಲೆ ನಿಂತಿದೆ. ಒಂದು ವಿಭಾಗದಲ್ಲಿ ಮೂವರಿದ್ದರೆ ಒಬ್ಬೊಬ್ಬರಿಗೆ ವರ್ಷಕ್ಕೆ 122 ರಾತ್ರಿ. ಒಬ್ಬರೇ ಇದ್ದರೆ 365.

ಖಾಸಗಿ ಆಸ್ಪತ್ರೆ ಹೇಗೆ ಕೊಡುತ್ತದೆ?

ಮೊದಲು ಡಾಕ್ಟರಿಗೂ ಆಸ್ಪತ್ರೆಗೂ ಏನು ಸಂಬಂಧ ಅಂತ ನೋಡಬೇಕು. ಬೋರ್ಡಿನಲ್ಲಿ ಹೆಸರಿದ್ದವರೆಲ್ಲ ಅಲ್ಲಿನ ನೌಕರರು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಕೆಲವರು ಅಲ್ಲಿನ ಸಂಬಳದ ನೌಕರರು. ತುಂಬಾ ಜನ ಮಾತ್ರ ವೃತ್ತಿಪರ ಶುಲ್ಕದ ಮೇಲೆ ಕೆಲಸ ಮಾಡುವವರು. ಅವರ ಫೀಸಿನಲ್ಲಿ ಶೇ. 10 ತೆರಿಗೆ ಮುರಿದು ಉಳಿದದ್ದನ್ನು ಕೊಡುತ್ತಾರೆ. ನೌಕರರಿಗೆ ಇರುವಂತೆ ಪಿಎಫ್, ಸಂಬಳದ ರಜೆ ಇವರಿಗೆ ಇರುವುದಿಲ್ಲ. ಇನ್ನು ವಿಸಿಟಿಂಗ್ ಕನ್ಸಲ್ಟೆಂಟ್ ಅನ್ನುವವರು ದಿನದಲ್ಲಿ ಒಂದೆರಡು ಗಂಟೆ ಬಂದು ಹೋಗುತ್ತಾರೆ.

ಸಂಬಳದವರಿಗೆ ಸಾಮಾನ್ಯವಾಗಿ ಆನ್ ಕಾಲ್ ಅನ್ನುವುದು ಸಂಬಳದ ಒಳಗೇ ಅಡಗಿರುತ್ತದೆ. ಒಪ್ಪಂದದಲ್ಲಿ ‘ರೋಸ್ಟರ್ ಪ್ರಕಾರ ಲಭ್ಯವಿರಬೇಕು’ ಅಂತ ಒಂದು ಸಾಲು. ಅಷ್ಟೇ.

ಹೊಸದಾಗಿ ಬಂದ ತಜ್ಞರಿಗೆ ಮಿನಿಮಮ್ ಗ್ಯಾರಂಟಿ ಕೊಡುವುದುಂಟು. ಎಂಜಿ ಅಂತಲೇ ಕರೆಯುತ್ತಾರೆ. ರೋಗಿಗಳಿಂದ ಬರುವ ಫೀಸಿನ ಪಾಲು ತಿಂಗಳಿಗೆ ಇಂತಿಷ್ಟಕ್ಕಿಂತ ಕಡಿಮೆ ಬಂದರೆ ಉಳಿದದ್ದನ್ನು ಆಸ್ಪತ್ರೆ ತುಂಬಿಕೊಡುತ್ತದೆ. ಊರಿಗೆ ಹೊಸಬರು, ರೋಗಿಗಳಿಗೆ ಇನ್ನೂ ಪರಿಚಯ ಇಲ್ಲ, ಅಲ್ಲಿಯವರೆಗೆ ಒಂದು ಆಸರೆ. ಬದಲಿಗೆ ರಾತ್ರಿಯ ಸರದಿಯನ್ನೂ ಹೊರಬೇಕು.

ಮೂರನೆಯದು ಕರೆಗೆ ಇಂತಿಷ್ಟು. ಬಂದರೆ ದುಡ್ಡು, ಬರದಿದ್ದರೆ ಇಲ್ಲ. ಹಗಲಿಗಿಂತ ರಾತ್ರಿಯ ವಿಸಿಟ್‌ಗೆ ಜಾಸ್ತಿ ಹಾಕುವುದು ತುಂಬಾ ಕಡೆ ರೂಢಿ. ನಮ್ಮ ಮಾವನ ಬಿಲ್ಲಿನಲ್ಲಿ ಇದ್ದದ್ದು ಇದೇ. ನಾಲ್ಕನೆಯದು ರಾತ್ರಿಗೆ ಇಂತಿಷ್ಟು: ಕರೆ ಬರಲಿ ಬಿಡಲಿ, ಕಾಯ್ದಿದ್ದಕ್ಕೇ ಒಂದು ಮೊತ್ತ. ಇದಕ್ಕೆ ರಿಟೇನರ್ ಅನ್ನುತ್ತಾರೆ.

ವ್ಯತ್ಯಾಸ ಕಾಣಲಿ ಅಂತ ಕೆಲವು ಅಂಕಿ ಹಾಕಿಕೊಳ್ಳೋಣ. ಇವು ಬರೀ ಲೆಕ್ಕಕ್ಕೆ, ಯಾವ ಆಸ್ಪತ್ರೆಯ ದರವೂ ಅಲ್ಲ. ಒಬ್ಬ ಸರ್ಜನ್‌ಗೆ ತಿಂಗಳಲ್ಲಿ ಹತ್ತು ರಾತ್ರಿ ಸರದಿ ಇದೆ. ಕರೆಗೆ 3,000 ರೂಪಾಯಿ ಮಾತ್ರ ಅಂತ ಒಪ್ಪಂದವಾದರೆ, ಹನ್ನೆರಡು ಕರೆ ಬಂದ ತಿಂಗಳು 36,000 ಸಿಗುತ್ತದೆ. ಒಂದೇ ಕರೆ ಬಂದ ತಿಂಗಳು 3,000. ಈಗ ರಾತ್ರಿಗೆ 1,000, ಮೇಲೆ ಕರೆಗೆ 2,000 ಅಂತ ಇಟ್ಟರೆ? ಹನ್ನೆರಡು ಕರೆಯ ತಿಂಗಳು 34,000, ಒಂದು ಕರೆಯ ತಿಂಗಳು 12,000. ರಾತ್ರಿಗೆ 2,000 ಮಾತ್ರ, ಕರೆಗೆ ಬೇರೆ ಇಲ್ಲ ಅಂದರೆ ಎರಡು ತಿಂಗಳೂ 20,000.

ಮೂರರಲ್ಲೂ ಡಾಕ್ಟರು ಹತ್ತು ರಾತ್ರಿ ಫೋನ್ ಪಕ್ಕ ಇಟ್ಟುಕೊಂಡೇ ಮಲಗಿದ್ದಾರೆ. ಬದಲಾಗಿದ್ದು ಒಂದೇ: ಕರೆ ಬರದಿದ್ದರೆ ನಷ್ಟ ಯಾರಿಗೆ ಅನ್ನುವುದು. ಮೊದಲನೆಯದರಲ್ಲಿ ಪೂರ್ತಿ ಡಾಕ್ಟರಿಗೆ. ಕೊನೆಯದರಲ್ಲಿ ಪೂರ್ತಿ ಆಸ್ಪತ್ರೆಗೆ. ಹಾಗಂತ ಕೊನೆಯದೇ ಒಳ್ಳೆಯದು ಅನ್ನುವ ಹಾಗೂ ಇಲ್ಲ. ಎಷ್ಟು ಸಲ ಎದ್ದು ಬಂದರೂ ಅಷ್ಟೇ ದುಡ್ಡು ಅಂದಾಗ, ಕರೆ ಜಾಸ್ತಿ ಬರುವ ವಿಭಾಗದ ಡಾಕ್ಟರು ಬೇಗ ಸೋಲುತ್ತಾರೆ. ನನಗೆ ಮಧ್ಯದ್ದೇ ನ್ಯಾಯ ಅನ್ನಿಸುತ್ತದೆ, ಕರೆಂಟ್ ಬಿಲ್ಲಿನ ಹಾಗೆ.

ಡಿಕ್ಕಿಯಲ್ಲಿ ಬ್ಯಾಗು ಇಟ್ಟುಕೊಂಡ ಅನಸ್ತೇಷಿಯಾ ಡಾಕ್ಟರ್

ನಮ್ಮ ಕಡೆಯ ಚಿಕ್ಕ ನರ್ಸಿಂಗ್ ಹೋಮುಗಳು ನಡೆಯುವುದೇ ಆಪರೇಷನ್‌ಗೆ ಅರಿವಳಿಕೆ ಕೊಡುವ ಇವರಿಂದ. ಆದರೂ ರೋಗಿಗೆ ಇವರ ಮುಖ ಕೂಡ ನೆನಪಿರುವುದಿಲ್ಲ.

ಮಂಡ್ಯ, ಮದ್ದೂರಿನಂಥ ಊರಿನ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿಗೆ ಸ್ವಂತ ಅನಸ್ತೇಷಿಯಾ ಡಾಕ್ಟರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಕಷ್ಟ. ಅಷ್ಟು ಆಪರೇಷನ್ ಇರುವುದಿಲ್ಲ. ಹಾಗಾಗಿ ಒಬ್ಬರೇ ಡಾಕ್ಟರು ನಾಲ್ಕೈದು ಕಡೆ ಹೋಗುತ್ತಾರೆ. ಕಾರಿನ ಡಿಕ್ಕಿಯಲ್ಲಿ ಒಂದು ಬ್ಯಾಗು: ಉಸಿರಿನ ಕೊಳವೆ ಹಾಕಲು ಬೇಕಾದ ಲ್ಯಾರಿಂಗೋಸ್ಕೋಪು, ಬೇರೆ ಬೇರೆ ಅಳತೆಯ ಟ್ಯೂಬುಗಳು, ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಸೂಜಿಗಳು. ಫೋನು ಬಂತು ಅಂದರೆ ಹೊರಟೆ. ದುಡ್ಡು ಕೇಸಿನ ಲೆಕ್ಕ. ಎಷ್ಟೋ ಕಡೆ ಸರ್ಜನ್ ಫೀಸಿನ ಇಂತಿಷ್ಟು ಪಾಲು ಅಂತ ಮಾತಾಗಿರುತ್ತದೆ.

ಇವರು ಕಾಯುವುದಕ್ಕೆ ಯಾರು ಕೊಡುತ್ತಾರೆ? ಯಾರೂ ಕೊಡುವುದಿಲ್ಲ. ಅದಕ್ಕೇ ಇವರು ಒಂದೇ ಕಡೆಗೆ ಕಾಯುವುದೂ ಇಲ್ಲ. ಒಂದೇ ರಾತ್ರಿ ಎರಡು ಕಡೆಯಿಂದ ಕರೆ ಬಂದರೆ ಒಂದು ಕಡೆ ಗರ್ಭಿಣಿ ಟೇಬಲ್ ಮೇಲೆ ಮಲಗಿಕೊಂಡು ಕಾಯಬೇಕಾಗುತ್ತದೆ, ಇಲ್ಲವೇ ಬೇರೆ ಆಸ್ಪತ್ರೆಗೆ ಕಳಿಸುತ್ತಾರೆ. ರಿಟೇನರ್ ಕೊಟ್ಟು ಆಸ್ಪತ್ರೆ ಕೊಂಡುಕೊಳ್ಳುವುದು ಇದನ್ನೇ: ಈ ರಾತ್ರಿ ಇವರು ನಮಗೆ ಮಾತ್ರ ಅನ್ನುವ ಮಾತು.

ಸರ್ಕಾರಿ ಆಸ್ಪತ್ರೆಯ ಲೆಕ್ಕ

ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್ ಇವೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಇಲ್ಲಿ ಯೂನಿಟ್ ಪದ್ಧತಿ. ಒಂದೊಂದು ವಿಭಾಗದಲ್ಲಿ ಹಲವು ಯೂನಿಟ್, ಅಂದರೆ ಡಾಕ್ಟರುಗಳ ತಂಡ, ಒಂದೊಂದಕ್ಕೂ ವಾರದಲ್ಲಿ ಅದರದೇ ದಿನ. ಆ ದಿನ ರಾತ್ರಿ ಮೊದಲು ನೋಡುವವರು ಹೌಸ್ ಸರ್ಜನ್ (ಎಂಬಿಬಿಎಸ್ ಕೊನೆಯ ತರಬೇತಿಯಲ್ಲಿರುವವರು), ಪಿಜಿಗಳು (ಎಂಡಿ, ಎಂಎಸ್ ಓದುತ್ತಿರುವ ಡಾಕ್ಟರುಗಳು). ಅವರ ಮೇಲೆ ಸೀನಿಯರ್ ರೆಸಿಡೆಂಟ್, ಅದರ ಮೇಲೆ ಪ್ರೊಫೆಸರುಗಳು. ಪಿಜಿಗಳಿಗೆ ತಿಂಗಳ ಸ್ಟೈಪೆಂಡ್, ಮೇಲಿನವರಿಗೆ ಸಂಬಳ. ಒಂದು ರಾತ್ರಿಗೆ ಹತ್ತು ಕೇಸ್ ಬರಲಿ, ನಲವತ್ತು ಬರಲಿ, ಅಷ್ಟೇ. ಪಿಜಿಗಳಂಥ ರೆಸಿಡೆಂಟ್ ಡಾಕ್ಟರುಗಳ ಒಂದೇ ಸಮನೆ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ದಾಟಬಾರದು, ವಾರಕ್ಕೆ 48 ಗಂಟೆ ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ನಿಮ್ಮ ಮನೆಯ ಹತ್ತಿರ ಯಾರಾದರೂ ಪಿಜಿ ಮಾಡುವವರಿದ್ದರೆ ಈ ವಾರ ಎಷ್ಟು ಗಂಟೆ ಕೆಲಸ ಮಾಡಿದೆ ಅಂತ ಕೇಳಿ ನೋಡಿ.

ನಿಜವಾದ ಕಷ್ಟ ಇರುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ರಾತ್ರಿ ಸಿಸೇರಿಯನ್ ಆಗಬೇಕು ಅಂದರೆ ಹೆರಿಗೆ ಡಾಕ್ಟರ್, ಅನಸ್ತೇಷಿಯಾ ಡಾಕ್ಟರ್, ಮಕ್ಕಳ ಡಾಕ್ಟರ್ ಮೂವರೂ ಬೇಕು. ಒಬ್ಬೊಬ್ಬರೇ ಇದ್ದರೆ ಅವರ ಸರದಿ ಅಂದರೆ ವರ್ಷದ ಎಲ್ಲ ರಾತ್ರಿ. ಅದು ಯಾವ ಮನುಷ್ಯನಿಂದಲೂ ಆಗುವ ಕೆಲಸ ಅಲ್ಲ. ಮೂವರಲ್ಲಿ ಒಬ್ಬರು ರಜೆಯಲ್ಲಿದ್ದರೂ ನಾವು ಕೇಳುವ ಮಾತು ಒಂದೇ: “ಬರ್ದ್ ಕೊಡ್ತೀವಿ, ಮಿಮ್ಸ್‌ಗೆ ಕರ್ಕೊಂಡ್ ಹೋಗಿ.” 108 ಬರುತ್ತದೆ. ಕಾಯುವ ಡಾಕ್ಟರಿಗೆ ಕೊಡದೆ ಉಳಿದ ದುಡ್ಡನ್ನು ಆ ಮನೆಯವರು ದಾರಿಯ ಮೇಲೆ ಬೇರೆ ರೂಪದಲ್ಲಿ ಕಟ್ಟುತ್ತಾರೆ.

ಈ ಸಂದು ಮುಚ್ಚಲು ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ದಾರಿಗಳಿವೆ. ಹೊರಗಿನ ಖಾಸಗಿ ತಜ್ಞರನ್ನು ಕರೆಸಿ ಕೇಸಿಗೆ ಇಷ್ಟು ಅಂತ ಕೊಡಬಹುದು. ಹಳ್ಳಿಗಾಡಿನಲ್ಲಿ ಸಿಸೇರಿಯನ್‌ಗೆ ಸಿಗುವ ತಜ್ಞರಿಗೆ ಗೌರವಧನ ಕೊಡಬಹುದು. ‘ನಿಮ್ಮ ಸಂಬಳ ನೀವೇ ಹೇಳಿ, ನಾವು ಕೊಡುತ್ತೇವೆ’ ಅನ್ನುವ ನೇಮಕಾತಿಗೂ ಅವಕಾಶ ಇದೆ. ಎಲ್ಲದರಲ್ಲೂ ಅದೇ ಎರಡು ಸಾಲು: ಒಂದರಲ್ಲಿ ಬಂದಿದ್ದಕ್ಕೆ, ಇನ್ನೊಂದರಲ್ಲಿ ಇರುವುದಕ್ಕೆ.

ಫೋನಿನ ಆನ್ ಕಾಲ್‌ಗೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ, ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಹೋಗುತ್ತದೆ. ಅವರು ನೋಡಿ ಹೇಳಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಕೊಡುತ್ತಾರೆ. ಪ್ರತಿ ತಾಲ್ಲೂಕಿನಲ್ಲೂ ಒಬ್ಬ ಹೃದಯ ತಜ್ಞರು ರಾತ್ರಿಯೆಲ್ಲ ಕಾಯಬೇಕಾಗಿಲ್ಲ. ಒಂದು ಕಡೆ ಕಾಯುವವರು ಹಲವು ಊರಿಗೆ ಆಗುತ್ತಾರೆ.

ಬೇರೆ ದೇಶಗಳಲ್ಲಿ

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಲೆಕ್ಕ ತುಂಬಾ ಸ್ಪಷ್ಟ. 2003ರ ಒಪ್ಪಂದದ ಪ್ರಕಾರ ಕನ್ಸಲ್ಟೆಂಟ್‌ಗೆ ಕಾಯುವುದಕ್ಕೇ ಮೂಲ ಸಂಬಳದ ಮೇಲೆ ಶೇ. 1ರಿಂದ 8ರವರೆಗೆ ಸೇರಿಸಿ ಕೊಡುತ್ತಾರೆ. ನಾಲ್ಕು ದಿನಕ್ಕೊಮ್ಮೆ ಅಥವಾ ಅದಕ್ಕಿಂತ ಬೇಗ ಸರದಿ ಬಂದು, ಕರೆದ ತಕ್ಷಣ ಆಸ್ಪತ್ರೆಗೆ ಬರಬೇಕಾದವರಿಗೆ ಶೇ. 8. ಅಷ್ಟೇ ಸರದಿ ಇದ್ದು ಫೋನಿನಲ್ಲಿ ಮುಗಿಸಬಹುದಾದವರಿಗೆ ಶೇ. 3. ಒಂಬತ್ತು ದಿನಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪವಾಗಿ ಬಂದರೆ ಶೇ. 3 ಮತ್ತು ಶೇ. 1. ಬಂದು ಮಾಡಿದ ಕೆಲಸ ಬೇರೆ ಲೆಕ್ಕ, ಅದು ವಾರದ ಕೆಲಸದ ಹೊತ್ತಿಗೆ ಸೇರುತ್ತದೆ.

ಯುರೋಪಿನಲ್ಲಿ ಜಗಳ ಕೋರ್ಟಿಗೇ ಹೋಯಿತು. ಆಸ್ಪತ್ರೆಯಲ್ಲೇ ಇದ್ದು ಕಾಯುವ ಹೊತ್ತು ಪೂರ್ತಿ ಕೆಲಸದ ಹೊತ್ತೇ ಅಂತ ಯುರೋಪಿನ ನ್ಯಾಯಾಲಯ 2000ದಲ್ಲಿ ಸ್ಪೇನಿನ ವೈದ್ಯರ ಸಂಘದ ಮೊಕದ್ದಮೆಯಲ್ಲಿ ಹೇಳಿತು. 2003ರಲ್ಲಿ ಜರ್ಮನಿಯ ಒಬ್ಬ ಡಾಕ್ಟರ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಯಿತು: ಅಲ್ಲಿನ ಕೋಣೆಯಲ್ಲಿ ಅವರು ನಿದ್ದೆ ಮಾಡಿದ್ದರೂ ಅದು ಕೆಲಸದ ಹೊತ್ತೇ. ಆದರೆ ಇವು ವಿಶ್ರಾಂತಿಯ, ಕೆಲಸದ ಗಂಟೆಯ ಬಗ್ಗೆ ಬಂದ ತೀರ್ಪುಗಳು. ದುಡ್ಡು ಎಷ್ಟು ಅನ್ನುವುದನ್ನು ಅವು ಹೇಳುವುದಿಲ್ಲ.

ಅಮೆರಿಕದ್ದು ಬೇರೆಯೇ ಕಥೆ. ತುರ್ತು ಚಿಕಿತ್ಸೆಗೆ ಬಂದವರನ್ನು ದುಡ್ಡಿಲ್ಲ ಅಂತ ಆಸ್ಪತ್ರೆ ವಾಪಸ್ ಕಳಿಸಬಾರದು ಅಂತ ಅಲ್ಲಿ 1986ರಲ್ಲಿ ಕಾನೂನು ಬಂತು. ಆನ್ ಕಾಲ್ ಡಾಕ್ಟರುಗಳ ಪಟ್ಟಿ ಇಡುವುದೂ ಕಡ್ಡಾಯ. ಮೊದಲೆಲ್ಲ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಲು ಅವಕಾಶ ಕೊಡುತ್ತಾರಲ್ಲ ಅಂತ ಡಾಕ್ಟರುಗಳು ಪುಕ್ಕಟೆ ಸರದಿ ಹೊರುತ್ತಿದ್ದರು. ಬರುಬರುತ್ತಾ ರಾತ್ರಿಗೆ ಇಷ್ಟು ಕೊಡಿ ಅಂತ ಕೇಳತೊಡಗಿದರು. ಆಗ ಒಂದು ಅನುಮಾನ ಹುಟ್ಟಿತು. ಆನ್ ಕಾಲ್ ಹೆಸರಿನಲ್ಲಿ ಕೊಡುತ್ತಿರುವುದು, ರೋಗಿಗಳನ್ನು ಕಳಿಸಿದ್ದಕ್ಕೆ ಕಮಿಷನ್ ಆಗಿಬಿಟ್ಟರೆ? ಅದಕ್ಕೇ ಅಲ್ಲಿನ ನಿಯಮ ಹೀಗಿದೆ: ದರ ಮಾರುಕಟ್ಟೆಯಲ್ಲಿ ನಡೆಯುವ ನ್ಯಾಯವಾದ ದರವೇ ಆಗಿರಬೇಕು, ನಿಜವಾಗಿ ಕಾಯ್ದಿರಬೇಕು, ಎಷ್ಟು ರೋಗಿಗಳನ್ನು ಕಳಿಸಿದರು ಅನ್ನುವುದಕ್ಕೆ ಗಂಟು ಹಾಕಬಾರದು. ನಮ್ಮಲ್ಲೂ ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ತೆಗೆದುಕೊಳ್ಳಬಾರದು ಅಂತ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ.

ನಿಮ್ಮ ಬಿಲ್ಲಿನಲ್ಲಿ ಏನು ನೋಡಬೇಕು?

ಮೊದಲನೆಯ ಮಾತು: ದುಡ್ಡಿನ ಮಾತು ಆಮೇಲೆ, ಜೀವ ಮೊದಲು. ಗಾಯಗೊಂಡು ಬಂದವರಿಗೆ ಪೊಲೀಸ್ ಕಾಗದ ಪತ್ರಕ್ಕೆ ಕಾಯದೆ ಚಿಕಿತ್ಸೆ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅದು ಸರ್ಕಾರಿ, ಖಾಸಗಿ ಎರಡಕ್ಕೂ ಅನ್ವಯ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಕೆಪಿಎಂಇ ಅನ್ನುತ್ತಾರಲ್ಲ ಅದು, 2007ರದು, 2017ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ತುರ್ತು ಸಂದರ್ಭದಲ್ಲಿ ಮುಂಗಡ ಕಟ್ಟಿದರೇ ಚಿಕಿತ್ಸೆ ಅಂತ ಹಟ ಹಿಡಿಯುವಂತಿಲ್ಲ. ದರದ ಪಟ್ಟಿಯನ್ನು ಕಣ್ಣಿಗೆ ಬೀಳುವ ಕಡೆ ಹಾಕಿರಬೇಕು.

ಆಮೇಲೆ ಬಿಲ್ಲು. ರಾತ್ರಿಯ ವಿಸಿಟ್‌ಗೆ ಜಾಸ್ತಿ ಹಾಕಿದ್ದರೆ ಯಾವ ಡಾಕ್ಟರು, ಎಷ್ಟು ಗಂಟೆಗೆ ಬಂದಿದ್ದರು ಅಂತ ಕೇಳಿ. ಕೇಸ್ ಶೀಟಿನಲ್ಲಿ ಪ್ರತಿ ಡಾಕ್ಟರೂ ನೋಡಿದ ಹೊತ್ತು ಬರೆದು ಸಹಿ ಮಾಡಿರುತ್ತಾರೆ. ವಿಮೆ ಕ್ಲೇಮಿಗೂ ಅದು ಬೇಕಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಆದರೆ ಒಂದು ಕಾಯಿಲೆಗೆ ಒಟ್ಟು ಪ್ಯಾಕೇಜ್ ಇರುತ್ತದೆ, ಡಾಕ್ಟರ ಫೀಸೂ ಅದರೊಳಗೇ.

ನಾನೂ ಅದನ್ನೇ ಮಾಡಿದೆ. ಬಿಲ್ಲಿಂಗ್ ಕೌಂಟರಿನ ಹುಡುಗಿ ಕೇಸ್ ಶೀಟ್ ತರಿಸಿ ಬೆರಳಿಟ್ಟು ತೋರಿಸಿದಳು. 1.40ಕ್ಕೆ ಸರ್ಜನ್. ಅದು ನಮಗೆ ಗೊತ್ತಿತ್ತು. ಅದರ ಕೆಳಗೆ 2.15ಕ್ಕೆ ಇನ್ನೊಂದು ಸಹಿ, ಫಿಜಿಷಿಯನ್‌ದು. ಮಾವನಿಗೆ ಶುಗರ್, ಬಿಪಿ ಎರಡೂ ಇದೆ. ಆಪರೇಷನ್ ತಡೆದುಕೊಳ್ಳುತ್ತಾರಾ ಅಂತ ನೋಡಲು ಅವರನ್ನೂ ಮನೆಯಿಂದ ಕರೆಸಿದ್ದರು. ಆ ಹೊತ್ತಿಗೆ ನಾನು ಕೆಳಗೆ ಔಷಧಿ ಅಂಗಡಿಯಲ್ಲಿದ್ದೆ, ಅತ್ತೆ ಹೊರಗಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಅವರು ಬಂದು, ನೋಡಿ, ಇನ್ಸುಲಿನ್ ಎಷ್ಟು ಕೊಡಬೇಕು ಅಂತ ಬರೆದಿಟ್ಟು ಹೋಗಿದ್ದರು. ನಾವು ಅವರನ್ನು ನೋಡಲೇ ಇಲ್ಲ.

ಡಿಸ್ಚಾರ್ಜ್ ದಿನ ಸರ್ಜನ್ ಹೊಲಿಗೆ ನೋಡುವಾಗ ಕೇಳಿಯೇಬಿಟ್ಟೆ. “ಸರ್, ಆ ವಾರ ಬೇರೆ ರಾತ್ರಿಗಳೂ ನಿಮ್ಮದೇ ಸರದಿ ಇತ್ತಲ್ವಾ, ಅದಕ್ಕೆ?”

“ಇನ್ನೂ ಎರಡು ರಾತ್ರಿ ಇತ್ತು, ಯಾರೂ ಕರೀಲಿಲ್ಲ” ಅಂದರು. “ಅದಕ್ಕೇನೂ ಇಲ್ಲ.” ಆಮೇಲೆ ಮಾವನ ಕಡೆ ತಿರುಗಿ, ಇನ್ನು ಆರು ವಾರ ಭಾರ ಎತ್ತಬೇಡಿ, ಕಬ್ಬು ಕಡಿಯೋಕೆ ಬೇರೆಯವರನ್ನ ನೋಡ್ಕೊಳ್ಳಿ ಅಂದರು.